ಕಂಪನಿಯ ದೇಣಿಗೆ ಯಾವ ಸಂಸ್ಥೆಗೆ ಸಲ್ಲುತ್ತದೆ? ಚೆಕ್ ಬರೆಯುವ ಮೊದಲು ನೋಡಬೇಕಾದ ಕಾಗದಗಳು

ಕಂಪನಿ ಹಣ ಕೊಡಲು ಸಿದ್ಧವಿದೆ, ಸಂಸ್ಥೆಯ ಕೆಲಸವೂ ಚೆನ್ನಾಗಿದೆ. ಆದರೂ ಮಾರ್ಚ್ ಕೊನೆಯ ವಾರದಲ್ಲಿ ಲೆಕ್ಕಪರಿಶೋಧಕರ ಮೇಜಿನಿಂದ ಕಡತ ವಾಪಸ್ ಬರುತ್ತದೆ. ಅವಧಿ ಮುಗಿದ 80ಜಿ ಪತ್ರ (ದಾನಿಗೆ ತೆರಿಗೆ ಕಡಿತ ಕೊಡುವ ಅನುಮೋದನೆ), ಪಡೆಯದೇ ಉಳಿದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಸಂಖ್ಯೆ, ಪ್ಯಾನ್ ಕಾರ್ಡಿನಲ್ಲಿ ಒಂದು ಹೆಸರು ಬ್ಯಾಂಕ್ ಖಾತೆಯಲ್ಲಿ ಇನ್ನೊಂದು: ಸಾಮಾನ್ಯವಾಗಿ ಇಷ್ಟೇ ಕಾರಣ. ಅನಾಥಾಲಯ ನಡೆಸುವವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಆದರೆ ಕಾನೂನು ನೋಡುವುದು ಸಂಸ್ಥೆಯ ಮನಸ್ಸನ್ನಲ್ಲ. ಹಣ ವರ್ಗವಾದ ದಿನ ಅದರ ಕಾಗದ ಜೀವಂತವಾಗಿತ್ತೇ, ಮಾಡಿದ ಕೆಲಸ ಪಟ್ಟಿಯೊಳಗಿತ್ತೇ ಎಂಬ ಎರಡನ್ನು ಮಾತ್ರ. ಹಾಗಾಗಿ ಪರಿಶೀಲನೆಯನ್ನು ಜುಲೈನಲ್ಲೇ ಶುರು ಮಾಡಿ, ಕೆಳಗಿನ ಕ್ರಮದಲ್ಲಿ ಮಾಡಿ.

1. ಇದು ಸಿಎಸ್‌ಆರ್ ಹಣವೇ, ಬರಿಯ ದಾನವೇ?

ಈ ಪ್ರಶ್ನೆಗೆ ಉತ್ತರ ಸಿಗದೆ ಸಂಸ್ಥೆಯ ಕಾಗದ ಕೇಳಬೇಡಿ. ಎರಡಕ್ಕೂ ಬೇಕಾದ ದಾಖಲೆ ಬೇರೆ ಬೇರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ರೂ. ಅಥವಾ ಹೆಚ್ಚು, ಇಲ್ಲವೇ ವಹಿವಾಟು 1,000 ಕೋಟಿ ರೂ. ಅಥವಾ ಹೆಚ್ಚು, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂ. ಅಥವಾ ಹೆಚ್ಚು ಇದ್ದರೆ ಅದು ಸಿಎಸ್‌ಆರ್ ವ್ಯಾಪ್ತಿಗೆ ಬರುತ್ತದೆ. ಮೂರರಲ್ಲಿ ಒಂದು ಸಾಕು. ಆಗ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಲೇಬೇಕು. ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಲಾಭ ಮೂರು ವರ್ಷ ಅನುಕ್ರಮವಾಗಿ 4, 6, 8 ಕೋಟಿ ಎಂದುಕೊಳ್ಳಿ. ಸರಾಸರಿ 6 ಕೋಟಿ, ಕಡ್ಡಾಯ ಮೊತ್ತ 12 ಲಕ್ಷ. ಇಲ್ಲಿ ಲಾಭ ಎಂದರೆ 198ನೇ ಸೆಕ್ಷನ್ ಪ್ರಕಾರ ಲೆಕ್ಕ ಹಾಕಿದ್ದು. ಲಾಭ-ನಷ್ಟ ಪತ್ರದ ಕೊನೆಯ ಸಾಲನ್ನು ನೇರವಾಗಿ ಎತ್ತಿಕೊಂಡರೆ ಲೆಕ್ಕ ತಪ್ಪುತ್ತದೆ. ಕಡ್ಡಾಯ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ಆಡಳಿತ ಮಂಡಳಿಯೇ ತೀರ್ಮಾನಿಸಬಹುದು.

ಕಂಪನಿ ಈ ಮಿತಿಗಳ ಕೆಳಗಿದ್ದರೆ, ಅಥವಾ ಕಡ್ಡಾಯಕ್ಕಿಂತ ಹೊರಗೆ ಇಷ್ಟಪಟ್ಟು ಕೊಡುತ್ತಿದ್ದರೆ, ಅದಕ್ಕೆ 181ನೇ ಸೆಕ್ಷನ್ನಿನ ದಾರಿ. ನೈಜ ಧರ್ಮಾರ್ಥ ನಿಧಿಗೆ ಆಡಳಿತ ಮಂಡಳಿ ಹಣ ಕೊಡಬಹುದು. ಒಂದು ವರ್ಷದ ಒಟ್ಟು ಮೊತ್ತ ಮೂರು ವರ್ಷಗಳ ಸರಾಸರಿ ಲಾಭದ ಶೇ. 5 ದಾಟುವುದಾದರೆ ಮಾತ್ರ ಮೊದಲೇ ಷೇರುದಾರರ ಸಭೆಯ ಒಪ್ಪಿಗೆ ಬೇಕು. ಈ ದಾರಿಯಲ್ಲಿ ಸಂಸ್ಥೆಗೆ ಸಿಎಸ್‌ಆರ್ ಸಂಖ್ಯೆ ಬೇಕಾಗಿಲ್ಲ. ಹೊಸ ಸಂಸ್ಥೆಗಳಿಗೆ, ಹಳ್ಳಿಯ ಸಣ್ಣ ಸಂಘಗಳಿಗೆ ಇದೇ ತೆರೆದಿರುವ ಬಾಗಿಲು. ಕಂಪನಿಗಳು ಇದನ್ನು ಮರೆತೇಬಿಟ್ಟಿರುವುದು ನಿಜಕ್ಕೂ ಬೇಸರದ ಸಂಗತಿ.

ಇಲ್ಲಿಂದ ಮುಂದಿನದು ಹೆಚ್ಚಾಗಿ ಸಿಎಸ್‌ಆರ್ ಹಣಕ್ಕೆ ಸಂಬಂಧಿಸಿದ್ದು.

2. ಸಂಸ್ಥೆಯ ಹುಟ್ಟು ಯಾವ ಕಾನೂನಿನಲ್ಲಿ?

ಹೆಸರಿನ ಮುಂದೆ (ರಿ.) ಎಂದು ಬರೆದುಕೊಂಡ ಮಾತ್ರಕ್ಕೆ ಅರ್ಹತೆ ಬರುವುದಿಲ್ಲ. ಎಲ್ಲಿ, ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳಿ. ಸಿಎಸ್‌ಆರ್ ನಿಯಮಗಳು ಮೂರು ರೂಪಗಳನ್ನು ಒಪ್ಪುತ್ತವೆ.

ಮೊದಲನೆಯದು ಸೆಕ್ಷನ್ 8ರ ಕಂಪನಿ, ಅಂದರೆ ಲಾಭ ಹಂಚದ ಕಂಪನಿ. ಇದರ ಗುರುತಿನ ಸಂಖ್ಯೆಯ ನಡುವೆ ‘ಎನ್‌ಪಿಎಲ್’ ಎಂಬ ಮೂರು ಅಕ್ಷರ ಇರುತ್ತದೆ. ‘ಪಿಟಿಸಿ’ ಎಂದಿದ್ದರೆ ಅದು ಮಾಮೂಲಿ ಖಾಸಗಿ ಕಂಪನಿ, ಹೆಸರಿನಲ್ಲಿ ಫೌಂಡೇಶನ್ ಇದ್ದರೂ ಸಹ.

ಎರಡನೆಯದು ಸೊಸೈಟಿ. ನಮ್ಮ ರಾಜ್ಯದಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ, ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಬಳಿ ನೋಂದಣಿಯಾದದ್ದು. ಪ್ರಮಾಣಪತ್ರ ಒಂದೇ ನೋಡಿ ಬಿಡಬೇಡಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಕಾರ್ಯಕಾರಿ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಿದ್ದಾರೆಯೇ ಎಂಬುದಕ್ಕೆ ಸ್ವೀಕೃತಿ ಕೇಳಿ. ಐದಾರು ವರ್ಷ ಸಲ್ಲಿಸದೆ ಬಿಟ್ಟ ಸಂಘಗಳು ಬಹಳ. ಅಲ್ಲಿ ಹಳೆಯ ಅಧ್ಯಕ್ಷರು ತೀರಿಕೊಂಡಿರುತ್ತಾರೆ, ದಾಖಲೆಯಲ್ಲಿ ಇನ್ನೂ ಅವರ ಹೆಸರೇ ಇರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದೇ ತೀರ್ಮಾನವಾಗುವುದಿಲ್ಲ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ, ಸೌಹಾರ್ದ ಸಹಕಾರಿ ಇವು 1959ರ ಅಥವಾ 1997ರ ಸಹಕಾರ ಕಾಯ್ದೆಯವು. ಸದಸ್ಯರಿಗೆ ಲಾಭಾಂಶ ಹಂಚುವ ಸಂಸ್ಥೆ ಧರ್ಮಾರ್ಥ ಸೊಸೈಟಿ ಅಲ್ಲ. ‘ಸಂಘ’ ಎಂಬ ಪದ ಒಂದೇ ಆದ್ದರಿಂದ ಈ ತಪ್ಪು ಪದೇ ಪದೇ ಆಗುತ್ತದೆ.

ಮೂರನೆಯದು ಸಾರ್ವಜನಿಕ ಟ್ರಸ್ಟ್. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ಟ್ರಸ್ಟ್‌ಗಳ ಮೇಲೆ ಚಾರಿಟಿ ಕಮಿಷನರ್ ಇದ್ದಾರೆ. ನಮ್ಮಲ್ಲಿ ಸಾಮಾನ್ಯವಾಗಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್ ಆಧಾರ. ಡೀಡ್ ಪೂರ್ತಿ ಓದಿ. ಫಲಾನುಭವಿಗಳು ಸಾರ್ವಜನಿಕರೇ, ಒಂದು ಕುಟುಂಬವೇ? ಟ್ರಸ್ಟ್ ಮುಚ್ಚಿದರೆ ಆಸ್ತಿ ಇನ್ನೊಂದು ಧರ್ಮಾರ್ಥ ಸಂಸ್ಥೆಗೆ ಹೋಗುತ್ತದೆಯೇ, ಸ್ಥಾಪಕರ ಮಕ್ಕಳಿಗೆ ಮರಳುತ್ತದೆಯೇ? ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ.

ಇವಲ್ಲದೆ ಸರ್ಕಾರವೇ ಸ್ಥಾಪಿಸಿದ ಟ್ರಸ್ಟ್, ಸೊಸೈಟಿ, ಸೆಕ್ಷನ್ 8 ಕಂಪನಿಗಳು ಅರ್ಹ. ಸಂಸತ್ತು ಅಥವಾ ವಿಧಾನಮಂಡಲದ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆಗಳೂ ಅರ್ಹ. 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹತ್ತಿರದ ಉದಾಹರಣೆ. ಈ ಎರಡು ಬಗೆಗೆ ಮುಂದಿನ ಹಂತಗಳ 12ಎ, 80ಜಿ, ಮೂರು ವರ್ಷದ ಅನುಭವ ಎಂಬ ಷರತ್ತುಗಳಿಲ್ಲ. ಸಿಎಸ್‌ಆರ್ ಸಂಖ್ಯೆ ಮಾತ್ರ ಇವಕ್ಕೂ ಬೇಕು.

3. ತೆರಿಗೆ ಇಲಾಖೆಯ ಎರಡು ಪತ್ರಗಳು

12ಎ ನೋಂದಣಿ ಸಂಸ್ಥೆಯ ಸ್ವಂತ ಆದಾಯಕ್ಕೆ ವಿನಾಯಿತಿ ಕೊಡುವುದು. 80ಜಿ ಅನುಮೋದನೆ ದಾನಿಗೆ ಕಡಿತ ಕೊಡುವುದು. ಸಿಎಸ್‌ಆರ್‌ಗೆ ಎರಡೂ ಬೇಕು. ಆದಾಯ ತೆರಿಗೆ ಕಾಯ್ದೆಯ 10(23ಸಿ) ಅಡಿಯ ನಿಗದಿತ ವಿನಾಯಿತಿ ಪಡೆದ ಶಿಕ್ಷಣ, ಆಸ್ಪತ್ರೆ ಮುಂತಾದ ಸಂಸ್ಥೆಗಳನ್ನು ಮಾತ್ರ 2022ರ ಸೆಪ್ಟೆಂಬರ್ ತಿದ್ದುಪಡಿ ಪರ್ಯಾಯವಾಗಿ ಒಪ್ಪಿಕೊಂಡಿತು.

‘ನಮ್ಮದು 1998ರಲ್ಲೇ ಆಗಿದೆ, ಶಾಶ್ವತ’ ಎಂದು ಹಳೆಯ ಪತ್ರ ಮುಂದಿಡುವವರು ಇಂದಿಗೂ ಇದ್ದಾರೆ. 2021ರ ಏಪ್ರಿಲ್ 1ರಿಂದ ಶಾಶ್ವತ ಎಂಬುದೇ ಇಲ್ಲ. ಹಳೆಯ ಸಂಸ್ಥೆಗಳೆಲ್ಲ ಮತ್ತೆ ಅರ್ಜಿ ಹಾಕಬೇಕಾಯಿತು. ಪೂರ್ಣ ನೋಂದಣಿ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ, ತಾತ್ಕಾಲಿಕ ನೋಂದಣಿ 3 ವರ್ಷ. 2025ರ ಹಣಕಾಸು ಕಾಯ್ದೆ ಸಣ್ಣ ಸಂಸ್ಥೆಗಳ 12ಎ ಬಗೆಯ ನೋಂದಣಿಯನ್ನು 10 ವರ್ಷಕ್ಕೆ ವಿಸ್ತರಿಸಿತು. 80ಜಿ ಮಾತ್ರ 5 ವರ್ಷದಲ್ಲೇ ಉಳಿಯಿತು. ಪರಿಣಾಮ ಏನೆಂದರೆ ಒಂದೇ ಸಂಸ್ಥೆಯ ಎರಡು ಪತ್ರಗಳು ಬೇರೆ ಬೇರೆ ವರ್ಷದಲ್ಲಿ ಮುಗಿಯಬಹುದು. ಎರಡರ ಕೊನೆಯ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.

ತಾತ್ಕಾಲಿಕ ನೋಂದಣಿ ಇರುವ ಹೊಸ ಸಂಸ್ಥೆಗಳು ಬೀಳುವ ಗುಂಡಿ ಒಂದಿದೆ. ಪೂರ್ಣ ನೋಂದಣಿಗೆ ಅರ್ಜಿ ಹಾಕಲು ಮೂರು ವರ್ಷ ಮುಗಿಯುವ ಆರು ತಿಂಗಳ ಮುಂಚಿನವರೆಗೆ ಕಾಲ ಇದೆ ಎಂದು ಅವರು ತಿಳಿದಿರುತ್ತಾರೆ. ಆದರೆ ಚಟುವಟಿಕೆ ಆರಂಭಿಸಿದ ಆರು ತಿಂಗಳೊಳಗೆ ಅಥವಾ ಆ ದಿನದೊಳಗೆ, ಯಾವುದು ಮೊದಲೋ ಅದು, ಎಂಬುದು ನಿಯಮ. ಕೆಲಸ ಶುರುವಾಗಿ ವರ್ಷವಾದ ಸಂಸ್ಥೆಯ ಬಳಿ ಇನ್ನೂ ತಾತ್ಕಾಲಿಕ ಪತ್ರವೇ ಇದ್ದರೆ ಪೂರ್ಣ ನೋಂದಣಿಯ ಅರ್ಜಿ ಎಲ್ಲಿದೆ ಎಂದು ಕೇಳಿ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಜನ ಇನ್ನೂ 12ಎ, 80ಜಿ ಎಂದೇ ಅನ್ನುತ್ತಾರೆ, ಈ ಲೇಖನದಲ್ಲೂ ಹಾಗೇ ಬಳಸಿದ್ದೇವೆ. ಪತ್ರದಲ್ಲಿ ಸಂಖ್ಯೆ ಬೇರೆ ಕಂಡರೆ ಗಾಬರಿ ಬೇಡ. ಅವಧಿ, ಪ್ಯಾನ್, ಹೆಸರು ಈ ಮೂರನ್ನು ನೋಡಿ.

ಪರಿಶೀಲಿಸುವುದು ಸುಲಭ. ಪತ್ರದಲ್ಲಿನ ನೋಂದಣಿ ಸಂಖ್ಯೆ ಸಂಸ್ಥೆಯ ಪ್ಯಾನ್‌ನಿಂದಲೇ ಶುರುವಾಗುತ್ತದೆ. ಪ್ಯಾನ್ ಹೊಂದದಿದ್ದರೆ ಪತ್ರ ಬೇರೆ ಸಂಸ್ಥೆಯದು. ಸಂಸ್ಥೆ ಕಳುಹಿಸಿದ ಪಿಡಿಎಫ್ ನಂಬಿ ಕೂರದೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿರುವ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿ, ಆ ದಿನದ ಪರದೆಯ ಪ್ರತಿಯನ್ನು ಕಡತಕ್ಕೆ ಹಾಕಿ.

80ಜಿ ಯಾರಿಗೆ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಒಂದು ಧರ್ಮ ಅಥವಾ ಜಾತಿಯ ಹಿತಕ್ಕೆ ಎಂದು ಬೈಲಾದಲ್ಲೇ ಬರೆದುಕೊಂಡ ಸಂಸ್ಥೆಗೆ ಇಲ್ಲ. ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡಿದರೂ ಇಲ್ಲ. ಕರ್ನಾಟಕದಲ್ಲಿ ಇದು ಸಣ್ಣ ಮಾತಲ್ಲ. ಹಳ್ಳಿಯ ಹುಡುಗರು ಪಟ್ಟಣದಲ್ಲಿ ಓದಲು ಸಾಧ್ಯವಾದದ್ದೇ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿ ನಿಲಯಗಳಿಂದ. ಆ ಸಂಘಗಳ ಹಳೆಯ ಬೈಲಾಗಳಲ್ಲಿ ಜಾತಿಯ ಹೆಸರು ಉದ್ದೇಶದ ಸಾಲಿನಲ್ಲೇ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳ ಹಿತಕ್ಕಾಗಿ ಇರುವ ಸಂಸ್ಥೆಗಳಿಗೆ ಈ ತಡೆ ಅನ್ವಯಿಸುವುದಿಲ್ಲ ಎಂದು ಕಾನೂನೇ ಹೇಳಿದೆ. ಉಳಿದವರು ಎಲ್ಲರಿಗೂ ಬಾಗಿಲು ತೆರೆದಿದ್ದರೆ ಬೈಲಾವನ್ನೂ ಹಾಗೆ ತಿದ್ದಿ, ತಿದ್ದುಪಡಿಯನ್ನು ನೋಂದಣಾಧಿಕಾರಿಗೂ ತೆರಿಗೆ ಇಲಾಖೆಗೂ ತಿಳಿಸಿ ಮುಂದುವರಿಯಬೇಕು.

4. ಸಿಎಸ್‌ಆರ್ ಸಂಖ್ಯೆ

2021ರ ಏಪ್ರಿಲ್ 1ರಿಂದ ಸಿಎಸ್‌ಆರ್ ಕೆಲಸ ಮಾಡಬಯಸುವ ಪ್ರತಿ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಾಯಿಸಿಕೊಳ್ಳಬೇಕು. ಸಂಸ್ಥೆಯ ಪದಾಧಿಕಾರಿಯ ಡಿಜಿಟಲ್ ಸಹಿ ಬೇಕು, ವೃತ್ತಿಯಲ್ಲಿರುವ ಸಿಎ, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರು ಡಿಜಿಟಲ್ ಆಗಿ ದೃಢೀಕರಿಸಬೇಕು. ಅಂಗೀಕಾರವಾದರೆ ‘ಸಿಎಸ್‌ಆರ್’ ಎಂಬ ಮೂರು ಅಕ್ಷರದ ಮುಂದೆ ಎಂಟು ಅಂಕಿಗಳಿರುವ ಸಂಖ್ಯೆ ಬರುತ್ತದೆ.

ತಪ್ಪುವುದು ಎಲ್ಲಿ? ಸಂಸ್ಥೆಯ ಹೆಸರು ಪ್ಯಾನ್‌ನಲ್ಲಿರುವಂತೆ ಅಕ್ಷರಶಃ ಇರಬೇಕು. ಡೀಡ್‌ನಲ್ಲಿ ‘ಶ್ರೀ’ ಇದೆ, ಪ್ಯಾನ್‌ನಲ್ಲಿ ಇಲ್ಲ. ಒಂದರಲ್ಲಿ ‘ಟ್ರಸ್ಟ್’, ಇನ್ನೊಂದರಲ್ಲಿ ‘ಚಾರಿಟಬಲ್ ಟ್ರಸ್ಟ್’. ಇದನ್ನು ಸರಿಪಡಿಸದೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ, ಅಥವಾ ಮುಂದೆ ಬ್ಯಾಂಕಿನಲ್ಲಿ ಹಣ ನಿಲ್ಲುತ್ತದೆ. ಯಾವ ವರ್ಗದಡಿ ಅರ್ಜಿ ಎಂಬ ಆಯ್ಕೆಯಲ್ಲೂ ಎಡವುತ್ತಾರೆ: ಸಾಮಾನ್ಯ ಎನ್‌ಜಿಒ ‘ಮೂರು ವರ್ಷದ ಅನುಭವವಿರುವ ಸಂಸ್ಥೆ’ ಎಂಬುದನ್ನೇ ಆರಿಸಬೇಕು.

ಈ ಸಂಖ್ಯೆ ಸಿಕ್ಕಿತೆಂದರೆ ಸರ್ಕಾರ ಸಂಸ್ಥೆಗೆ ಒಳ್ಳೆಯ ನಡತೆಯ ಪತ್ರ ಕೊಟ್ಟಿತು ಎಂದಲ್ಲ. ಅನುಭವ ನಿಜವೇ ಎಂದು ನೋಡುವ ಹೊಣೆ ಕಂಪನಿಯದು. ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆ ಬೇರೆ, ಇದು ಬೇರೆ. ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಲಾಗದು.

5. ಮೂರು ವರ್ಷ ಎಂದರೆ ಯಾವ ಮೂರು ವರ್ಷ?

ನಿಯಮ ಕೇಳುವುದು ‘ಅದೇ ಬಗೆಯ ಚಟುವಟಿಕೆ’ಯಲ್ಲಿ ಕನಿಷ್ಠ ಮೂರು ವರ್ಷದ ಅನುಭವ. ಹತ್ತು ವರ್ಷ ಕಣ್ಣಿನ ಶಿಬಿರ ನಡೆಸಿದ ಟ್ರಸ್ಟ್ ಕೆರೆಯ ಹೂಳೆತ್ತಲು ಹಣ ಕೇಳಿದರೆ ಈ ಷರತ್ತು ಪೂರೈಸಿದಂತಾಗದು. ಕಂಪನಿ ತಾನೇ ಸ್ಥಾಪಿಸಿದ ಫೌಂಡೇಶನ್‌ಗೆ ಮೂರು ವರ್ಷದ ಷರತ್ತು ಇಲ್ಲ. 12ಎ, 80ಜಿ ಮಾತ್ರ ಅದಕ್ಕೂ ಬೇಕು.

ಪುರಾವೆಗೆ ಮೂರು ವರ್ಷದ ಪರಿಶೋಧಿತ ಲೆಕ್ಕಪತ್ರ, ಆದಾಯ ತೆರಿಗೆ ರಿಟರ್ನ್, ವಾರ್ಷಿಕ ವರದಿ, ಹಿಂದಿನ ದಾನಿಗಳಿಗೆ ಕೊಟ್ಟ ಹಣ ಬಳಕೆ ಪ್ರಮಾಣಪತ್ರ ಕೇಳಿ. ಲೆಕ್ಕಪತ್ರದಲ್ಲಿ ಖರ್ಚಿನ ತಲೆಬರಹಗಳನ್ನು ನೋಡಿ. ವಾರ್ಷಿಕ ವರದಿಯ ತುಂಬ ಶಾಲಾ ಮಕ್ಕಳ ಚಿತ್ರಗಳಿದ್ದು ಲೆಕ್ಕದಲ್ಲಿ ಶಿಕ್ಷಕರ ಗೌರವಧನ, ಪುಸ್ತಕ, ಸಾಗಣೆ ಯಾವುದೂ ಇಲ್ಲದಿದ್ದರೆ, ಮೂರು ವರ್ಷ ನಡೆದದ್ದು ಏನು ಎಂದು ನೇರವಾಗಿ ಕೇಳಬೇಕು. ಆಮೇಲೆ ಕೆಲಸ ನಡೆಯುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಗದ ಎಷ್ಟೇ ಸರಿಯಿರಲಿ, ಈ ಭೇಟಿಯನ್ನು ಬಿಡಬಾರದು.

6. ಸಂಸ್ಥೆ ಅರ್ಹ, ಕೆಲಸ ಅರ್ಹವೇ?

ಕಾಯ್ದೆಯ 7ನೇ ಅನುಸೂಚಿಯಲ್ಲಿ ಪಟ್ಟಿ ಇದೆ: ಹಸಿವು, ಆರೋಗ್ಯ, ಕುಡಿಯುವ ನೀರು, ಶಿಕ್ಷಣ ಮತ್ತು ಕೌಶಲ, ಮಹಿಳಾ ವಸತಿ ನಿಲಯ, ವೃದ್ಧಾಶ್ರಮ, ಪರಿಸರ, ಪರಂಪರೆ ಮತ್ತು ಕರಕುಶಲ, ಸಾರ್ವಜನಿಕ ಗ್ರಂಥಾಲಯ, ಮಾಜಿ ಸೈನಿಕರು, ಗ್ರಾಮೀಣ ಕ್ರೀಡೆ, ಗ್ರಾಮಾಭಿವೃದ್ಧಿ, ಕೊಳೆಗೇರಿ ಅಭಿವೃದ್ಧಿ, ವಿಪತ್ತು ನಿರ್ವಹಣೆ ಮುಂತಾಗಿ. ಇದನ್ನು ಉದಾರವಾಗಿ ಅರ್ಥೈಸಬೇಕು ಎಂದು ಸಚಿವಾಲಯವೇ ಹೇಳಿದೆ. ಆದರೆ ಜಾತ್ರೆಯ ಪ್ರಾಯೋಜಕತ್ವ, ಕಂಪನಿಯ ಹೆಸರು ಮೆರೆಸುವ ಮ್ಯಾರಥಾನ್, ನೌಕರರ ಮಕ್ಕಳಿಗಷ್ಟೇ ವಿದ್ಯಾರ್ಥಿವೇತನ, ರಾಜಕೀಯ ಪಕ್ಷಕ್ಕೆ ಹಣ, ಬೇರೆ ಕಾನೂನಿನಡಿ ಮಾಡಲೇಬೇಕಾದ ಕೆಲಸ ಇವು ಎಷ್ಟೇ ಎಳೆದರೂ ಒಳಗೆ ಬರುವುದಿಲ್ಲ.

ಪ್ರವಾಹ ಬಂದಾಗ ಆಗುವ ತಪ್ಪು ಒಂದು. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪಿಎಂ ಕೇರ್ಸ್ ಎರಡೂ ಅನುಸೂಚಿಯಲ್ಲಿವೆ. ಮುಖ್ಯಮಂತ್ರಿ ಪರಿಹಾರ ನಿಧಿ ಇಲ್ಲ, ಅಲ್ಲಿ ಕೊಟ್ಟದ್ದು ಸಿಎಸ್‌ಆರ್ ಲೆಕ್ಕಕ್ಕೆ ಬಾರದು. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟರೆ ಬರುತ್ತದೆ.

ಸಂಸ್ಥೆಯ ಮೂಲನಿಧಿಗೆ ಕೊಡುವುದು 2021ರ ಜನವರಿ 22ರಿಂದ ಸಿಎಸ್‌ಆರ್ ಅಲ್ಲ. ರಶೀದಿಯಲ್ಲಿ ‘ಕಾರ್ಪಸ್’ ಎಂಬ ಒಂದು ಪದ ಬಿದ್ದರೂ ತೊಂದರೆ, ಹಣ ಕಳುಹಿಸುವ ಮುನ್ನವೇ ರಶೀದಿಯ ಒಕ್ಕಣೆ ನೋಡಿ. ನೌಕರರು ಶ್ರಮದಾನ ಮಾಡಿದ ಗಂಟೆಗಳಿಗೆ ಬೆಲೆ ಕಟ್ಟಿ ಸೇರಿಸುವಂತಿಲ್ಲ. ಗೋದಾಮಿನ ಹಳೆಯ ಕಂಪ್ಯೂಟರ್‌ಗಳಿಗೆ ಬೆಲೆ ಕಟ್ಟುವಂತೆಯೂ ಇಲ್ಲ.

ಕಟ್ಟಡ, ಆಂಬುಲೆನ್ಸ್‌ನಂಥ ಬಂಡವಾಳ ಆಸ್ತಿ ಕೊಡಿಸಿದರೆ ಅದರ ಒಡೆತನ ಕಂಪನಿಯ ಹೆಸರಿನಲ್ಲಿ ಇರಬಾರದು. ಸಿಎಸ್‌ಆರ್ ಸಂಖ್ಯೆಯಿರುವ ಧರ್ಮಾರ್ಥ ಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿರಬೇಕು.

7. ವಿದೇಶಿ ಮಾಲೀಕತ್ವದ ಕಂಪನಿಗಳಿಗೆ

ಬೆಂಗಳೂರಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ಅರ್ಧಕ್ಕಿಂತ ಹೆಚ್ಚು ಷೇರು ವಿದೇಶಿಯರ ಬಳಿ ಇದ್ದರೂ, ಹೂಡಿಕೆ ಆ ಕ್ಷೇತ್ರಕ್ಕೆ ವಿದೇಶಿ ವಿನಿಮಯ ಕಾನೂನು ಹಾಕಿದ ಮಿತಿಯೊಳಗಿದ್ದರೆ, ಭಾರತದ ಆ ಕಂಪನಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ಮೂಲವಲ್ಲ. ಇದನ್ನು ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳುವುದು ಸಂಸ್ಥೆಗೆ ಕ್ಷೇಮ. ಅಮೆರಿಕದ ಮಾತೃಸಂಸ್ಥೆ ಅಥವಾ ಅಲ್ಲಿನ ಫೌಂಡೇಶನ್ ನೇರವಾಗಿ ಕಳುಹಿಸಿದ ಹಣ ಮಾತ್ರ ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಮತ್ತು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆ ಬೇಕು. ಊರಿನ ಮಾಮೂಲಿ ಖಾತೆಗೆ ಅದನ್ನು ಪಡೆದರೆ ಅಪರಾಧ.

8. ಒಪ್ಪಂದ, ತೆರಿಗೆ, ಗಡುವು

ಒಪ್ಪಂದದಲ್ಲಿ ಯೋಜನೆ, ಜಾಗ, ಬಾಬ್ತುವಾರು ಬಜೆಟ್, ಕಂತುಗಳು, ಬಳಕೆ ಪ್ರಮಾಣಪತ್ರದ ದಿನಾಂಕ ಇರಲಿ. ಆಡಳಿತ ವೆಚ್ಚದ ಶೇ. 5ರ ಮಿತಿಯನ್ನು ಸಂಸ್ಥೆಯ ತಲೆಗೆ ಕಟ್ಟಬೇಡಿ. ಅದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಹಾಕಿದ ಮಿತಿ. ಯೋಜನೆ ರೂಪಿಸಲು, ನಡೆಸಲು, ಮೇಲ್ವಿಚಾರಣೆಗೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ ಎಂದು ನಿಯಮದ ವ್ಯಾಖ್ಯೆಯೇ ಹೇಳುತ್ತದೆ. ಹಳ್ಳಿ ಸುತ್ತುವ ಕಾರ್ಯಕರ್ತೆಯ ಸಂಬಳವನ್ನು ‘ಆಡಳಿತ’ ಎಂದು ಕತ್ತರಿಸಿದರೆ ಕೆಲಸ ಮಾಡುವವರು ಯಾರು?

ತೆರಿಗೆಯಲ್ಲಿ ಸಿಎಸ್‌ಆರ್ ಖರ್ಚು ವ್ಯಾಪಾರದ ಖರ್ಚಾಗಿ ಕಳೆಯಲು ಬಾರದು. 80ಜಿ ಕೇಳಬಹುದೇ ಎಂಬುದರ ಬಗ್ಗೆ ಇಲಾಖೆಯೊಡನೆ ವ್ಯಾಜ್ಯಗಳಾಗಿವೆ. ಬೆಂಗಳೂರು ಸೇರಿದಂತೆ ಕೆಲವು ನ್ಯಾಯಮಂಡಳಿ ಪೀಠಗಳು ಕಂಪನಿಗಳ ಪರ ತೀರ್ಪು ಕೊಟ್ಟಿವೆ. ಶೇ. 22ರ ರಿಯಾಯಿತಿ ದರ ಆರಿಸಿಕೊಂಡ ಕಂಪನಿಗೆ ಆ ಪ್ರಶ್ನೆಯೇ ಇಲ್ಲ, 80ಜಿ ಕಡಿತ ಅಲ್ಲಿ ಸಿಗದು. ಸಿಎಸ್‌ಆರ್‌ಗಾಗಿ ಕೊಂಡ ವಸ್ತುಗಳ ಜಿಎಸ್‌ಟಿಯನ್ನೂ 2023ರ ಅಕ್ಟೋಬರ್ 1ರಿಂದ ಹಿಂಪಡೆಯಲಾಗದು.

ಹಣ ಸಂಸ್ಥೆಯ ಖಾತೆಗೆ ಹೋದ ಮಾತ್ರಕ್ಕೆ ಖರ್ಚಾಯಿತು ಎಂದಲ್ಲ. ಉದ್ದೇಶಕ್ಕೆ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಮಾರ್ಚ್ 29ಕ್ಕೆ ಕೊಟ್ಟು 31ಕ್ಕೆ ಪ್ರಮಾಣಪತ್ರ ಕೇಳುವುದು ಸಂಸ್ಥೆಯನ್ನು ಸುಳ್ಳು ಬರೆಯಲು ತಳ್ಳಿದಂತೆ. ವರ್ಷ ದಾಟುವ ಯೋಜನೆಯಾದರೆ ಅದನ್ನು ‘ಮುಂದುವರಿಯುವ ಯೋಜನೆ’ ಎಂದು ಆಡಳಿತ ಮಂಡಳಿ ಮೊದಲೇ ಗುರುತಿಸಲಿ. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಬಳಸಬಹುದು. ಹಾಗೆ ಗುರುತಿಸದಿದ್ದರೆ ಸೆಪ್ಟೆಂಬರ್ 30ರೊಳಗೆ ಅನುಸೂಚಿಯ ನಿಧಿಗೆ ಕಟ್ಟಬೇಕು. ತಪ್ಪಿದರೆ ಕಟ್ಟದ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ ರೂ., ಯಾವುದು ಕಡಿಮೆಯೋ ಅದು ದಂಡ.

ಸಂಸ್ಥೆ ಅರ್ಹವಲ್ಲ ಎಂದಾದರೆ

ಕೆಲಸ ನಿಲ್ಲಬೇಕಿಲ್ಲ. ಕಂಪನಿ ತಾನೇ ನೇರವಾಗಿ ಸಿಎಸ್‌ಆರ್ ಕೆಲಸ ಮಾಡಬಹುದು. ಸರ್ಕಾರಿ ಶಾಲೆಗೆ ಬೆಂಚು ಬೇಕಿದ್ದರೆ ಇಲಾಖೆಯ ಅನುಮತಿ ಪಡೆದು ಬಡಗಿಯಿಂದ ಕೊಂಡು, ಮುಖ್ಯಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯ ಸಹಿಯಿರುವ ಸ್ವೀಕೃತಿ ತೆಗೆದುಕೊಂಡರೆ ಸಾಕು. ಬೆಂಚು ಮಾರಿದವನು ಬರಿಯ ಮಾರಾಟಗಾರ. ಅವನಿಗೆ ಸಿಎಸ್‌ಆರ್ ಸಂಖ್ಯೆ ಬೇಡ. ಇನ್ನು ಆ ಊರಿನ ಸಂಘ ಇಂದೇ ಪ್ಯಾನ್, ಪ್ರತ್ಯೇಕ ಬ್ಯಾಂಕ್ ಖಾತೆ, ವರ್ಷವರ್ಷದ ಪರಿಶೋಧಿತ ಲೆಕ್ಕ ಶುರು ಮಾಡಿ, ತಾತ್ಕಾಲಿಕ 12ಎ ಮತ್ತು 80ಜಿಗೆ ಅರ್ಜಿ ಹಾಕಲಿ. ಅಲ್ಲಿಯವರೆಗೆ 181ನೇ ಸೆಕ್ಷನ್ನಿನ ದಾರಿಯಲ್ಲಿ ಸಣ್ಣ ದಾನಗಳನ್ನು ಪಡೆದು ಕೆಲಸ ಮಾಡುತ್ತ, ಹಾಜರಿ ಪುಸ್ತಕ, ಖರ್ಚಿನ ವೋಚರ್, ಊರವರ ಸಹಿಯಿರುವ ವರದಿಗಳನ್ನು ಜೋಡಿಸಿಟ್ಟರೆ, ಮೂರು ವರ್ಷದ ಅನುಭವಕ್ಕೆ ಪುರಾವೆ ಅದೇ.